ಗಿರಣಿ ಹುಚ್ಚರಾಯಪ್ಪನವರ ಮಸುಕು ಮುಖ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಹೆಸರು ಬೇಡ. ಹೇಳಿದರೆ ಅಲ್ಲಿನ ನಾಲ್ಕು ಜನ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಹೇಳದಿದ್ದರೆ ಆ ದಾರಿಯ ಪ್ರತಿಯೊಂದು ಊರಿನವರೂ ಇದು ಪಕ್ಕದೂರಿನ ಕಥೆಯೆಂದು ತಿಳಿದು ಸಂತೋಷಪಡುತ್ತಾರೆ. ಇಷ್ಟು ಜನಕ್ಕೆ ಸಂತೋಷವಾಗುವುದಾದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ.

ಆ ಊರಿನ ಹಿಟ್ಟಿನ ಗಿರಣಿ ಹುಚ್ಚರಾಯಪ್ಪನವರದು. ಭೂಮಿಯ ಮೇಲೆ ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಮೆಕ್ಕೆಜೋಳದ ಬೆಲೆ, ದೊಡ್ಡವರ ಪಕ್ಷಾಂತರ, ಚಂದ್ರನ ಮೇಲೆ ಇಳಿದ ಯಂತ್ರ, ಪಕ್ಕದ ಮನೆ ಲೋಕಮ್ಮನ ಸಾರಿಗೆ ಹುಳಿ ಹೆಚ್ಚಾದದ್ದು, ಎಲ್ಲದರ ಮೇಲೂ ಅವರ ಬಳಿ ಬೀಸಿ ಜರಡಿ ಹಿಡಿದ ಮಾತು ಸಿದ್ಧವಾಗಿರುತ್ತಿತ್ತು. ಆದರೆ ಇಷ್ಟು ಅಭಿಪ್ರಾಯ ಕೊಟ್ಟ ದೇವರು ಕಸುಬನ್ನು ಮಾತ್ರ ಗಿರಣಿಯದೇ ಕೊಟ್ಟುಬಿಟ್ಟಿದ್ದ. ಮೋಟಾರು ಶುರುವಾಯಿತೆಂದರೆ ಅವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಯಾರಿಗೂ ಕೇಳುತ್ತಿರಲಿಲ್ಲ. ರಾಜ್ಯದ ಬಜೆಟ್ಟು ಎಲ್ಲಿ ಎಡವಿದೆ ಎಂದು ಅವರು ಬಿಡಿಸಿ ಹೇಳಿದರೆ, ಡಬ್ಬಿ ಹಿಡಿದು ನಿಂತ ಹೆಂಗಸರು, "ಹೂಂ ಹೂಂ, ಸಣ್ಣಗೇ ಬೀಸ್ರಿ" ಎಂದು ತಲೆಯಾಡಿಸುತ್ತಿದ್ದರು. ಕರೆಂಟು ಹೋದಾಗಲಾದರೂ ಮಾತಾಡೋಣವೆಂದರೆ, ಕರೆಂಟಿನ ಹಿಂದೆಯೇ ಜನವೂ ಹೋಗಿಬಿಡುತ್ತಿದ್ದರು. ಹೀಗೆ ಅರ್ಧ ಆಯುಸ್ಸು ಕಳೆದಿತ್ತು. ಊರಿನಲ್ಲಿ ಅವರ ಮುಖ ಗೊತ್ತಿಲ್ಲದವರಿರಲಿಲ್ಲ, ದನಿ ಗೊತ್ತಿದ್ದವರೂ ಇರಲಿಲ್ಲ.

ಇಂಥ ಮನುಷ್ಯನ ಮನೆಗೆ ಕಂಪ್ಯೂಟರು ಬಂದದ್ದು ಮಗಳು ದೀಪಶ್ರೀಯ ದೆಸೆಯಿಂದ. ಅವಳು ಶಿವಮೊಗ್ಗದ ಹಾಸ್ಟೆಲ್ಲಿಗೆ ಹೋಗುವಾಗ ಲ್ಯಾಪ್‌ಟಾಪು ಒಯ್ದಳು; ಹಳೆಯ ಮೇಜಿನ ಕಂಪ್ಯೂಟರು ನಡುಮನೆಯಲ್ಲೇ ಉಳಿಯಿತು. ದಸರೆಗೆ ಮುಂಚೆ ಒಂದು ಭಾನುವಾರ ಬಂದವಳು ಅಪ್ಪನ ಕಾಟ ತಡೆಯಲಾರದೆ ಅದರ ನೆತ್ತಿಗೆ ಪುಟ್ಟದೊಂದು ಕ್ಯಾಮೆರಾ ಸಿಕ್ಕಿಸಿ, ಯೂಟ್ಯೂಬಿನಲ್ಲಿ 'ಜನವಾಣಿ' ಎಂಬ ಚಾನೆಲ್ ತೆರೆದು, ಎಲ್ಲಿ ಒತ್ತಬೇಕೆಂದು ತೋರಿಸಿ, ಪರೀಕ್ಷೆಯಿದೆಯೆಂದು ಓಡಿಹೋದಳು.

ಅದರ ಮರುವಾರವೇ ಆಯುಧಪೂಜೆ. ಹುಚ್ಚರಾಯಪ್ಪನವರ ಹೆಂಡತಿ ರಾಜೇಶ್ವರಮ್ಮ ಸೊರಬದ ಕಡೆಯ ಹೆಣ್ಣುಮಗಳು. ದೇವರಿಗೂ ಕಾಗದಪತ್ರಕ್ಕೂ ಸಮನಾಗಿ ಹೆದರುವವರು. ಗಿರಣಿಯ ಮೋಟಾರು, ಬೀಸುವ ಕಲ್ಲು, ಬೈಕು, ಮಿಕ್ಸಿ ಎಲ್ಲಕ್ಕೂ ವಿಭೂತಿ ಹಚ್ಚುತ್ತ ನಡುಮನೆಗೆ ಬಂದವರು ಕಂಪ್ಯೂಟರಿನ ಮುಂದೆ ನಿಂತರು.

"ರೀ, ಇದಕ್ಕೆ ಹಣೆ ಯಾವುದ್ರೀ?"

ತಿಳಿಯದು ಎನ್ನುವುದು ಹುಚ್ಚರಾಯಪ್ಪನವರ ಜಾಯಮಾನವಲ್ಲ. ದೂರದಿಂದಲೇ ಪರೀಕ್ಷಿಸಿ, "ಅಷ್ಟೂ ಗೊತ್ತಾಗಲ್ವ? ಮೇಲ್ಗಡೆ ನಡುಮಧ್ಯ ಗುಂಡಗೆ ಇದೆಯಲ್ಲ, ಅದೇ ಹಣೆ" ಎಂದರು.

ರಾಜೇಶ್ವರಮ್ಮ ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಜೋಡಿಸಿ, ಕ್ಯಾಮೆರಾದ ಕಣ್ಣಿನ ಮೇಲೆ ಭಕ್ತಿಯಿಂದ ಎಳೆದರು. ಪೂಜೆಯ ವಿಭೂತಿಯನ್ನು ಒರೆಸುವ ಪದ್ಧತಿ ಆ ಮನೆಯಲ್ಲಿಲ್ಲ. ಅದು ತಾನಾಗಿ ಉದುರಬೇಕು.

ಮಾರನೆಯ ದಿನ ಹುಚ್ಚರಾಯಪ್ಪನವರು ಇಸ್ತ್ರಿ ಅಂಗಿ ತೊಟ್ಟು ಮೊದಲ ವಿಡಿಯೋ ಮಾಡಿದರು. ಪರದೆಯ ಮೇಲೆ ತಮ್ಮ ಮುಖ ಕಂಡು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣು ಮೂಗು ಯಾವುದೂ ಎದ್ದು ಕಾಣದೆ, ಎಲ್ಲವೂ ಬೆಳ್ಳಗಿನ ಬೆಳಕಿನಲ್ಲಿ ಕರಗಿ ಹೋಗಿತ್ತು. ಇನ್ನೊಬ್ಬರಾಗಿದ್ದರೆ ಕ್ಯಾಮೆರಾಕ್ಕೆ ಏನಾಯಿತೆಂದು ನೋಡುತ್ತಿದ್ದರೋ ಏನೋ. ಹುಟ್ಟಿದಂದಿನಿಂದ ಹಿಟ್ಟು ಮೆತ್ತಿದ ಮುಖವನ್ನೇ ಕನ್ನಡಿಯಲ್ಲಿ ಕಂಡವರಿಗೆ ಮಸುಕೆನ್ನುವುದು ಹೊಸದೆನಿಸಲಿಲ್ಲ. ಹೆಂಡತಿಯನ್ನು ಕೂಗಿ ಕರೆದರು.

"ನೋಡಿದ್ಯಾ? ಕಂಪ್ಯೂಟರು ಮುಖಕ್ಕೆ ಹೆಂಗೆ ತೇಜಸ್ಸು ಕೊಡ್ತದೆ! ಮಠದಲ್ಲಿ ಹಿಂದಿನ ಸ್ವಾಮಿಗಳ ಫೋಟೋ ನೋಡಿದಂಗೆ ಆಗ್ತದೆ."

"ಚೆನ್ನಾಗಿ ಬಂದಿದೆ ಕಣ್ರೀ. ಆದರೆ ಯಾರ ಮೇಲೂ ಏನೂ ಮಾತಾಡಬೇಡಿ" ಎಂದರು ರಾಜೇಶ್ವರಮ್ಮ.

ಮೊದಲ ಕೆಲವು ವಿಡಿಯೋಗಳಲ್ಲಿ ಅವರು ಯಾರ ಮೇಲೂ ಏನೂ ಮಾತಾಡಲಿಲ್ಲ. ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡುತ್ತ ಅಡುಗೆ ಸೀಯಿಸುವುದರ ಬಗ್ಗೆ, ಕಂಪ್ಯೂಟರಿನ ಇಲಿಗೆ ಬಾಲ ಯಾಕೆ ಬೇಕು ಎಂಬುದರ ಬಗ್ಗೆ, ಅರ್ಧ ಹೇಳಿ ಮಿಕ್ಕದ್ದಕ್ಕೆ ಸಬ್‌ಸ್ಕ್ರೈಬ್ ಆಗಿ ಎನ್ನುವವರ ಬಗ್ಗೆ ಮನಸ್ಸಿಗೆ ಬಂದಂತೆ ಮಾತಾಡಿದರು. ಪ್ರತಿ ವಿಡಿಯೋದ ಆರಂಭದಲ್ಲೂ, "ನಮಸ್ಕಾರ, ನಾನ್ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ" ಎನ್ನುತ್ತಿದ್ದರು. ಊರಿನವರಿಗೆ ಹೆಸರು ಹೇಳಿಕೊಳ್ಳುವುದು ಅವರಿಗೆ ಅವಮಾನವೆನಿಸಿತ್ತು. ನೋಡಿದವರು ಬೆರಳೆಣಿಕೆಯಷ್ಟು, ಅದರಲ್ಲೂ ಹೆಚ್ಚಿನವರು ಅವರೇ.

ಒಂದು ದಿನ ಅವರು ಬಸ್ ತಂಗುದಾಣದ ಬಗ್ಗೆ ಮಾತಾಡಿಬಿಟ್ಟರು.

ಆ ಊರಿನ ತಂಗುದಾಣದ ಕಥೆ ಹೇಳಬೇಕು. ರಸ್ತೆ ಇರುವುದು ಊರಿನ ಪಡುವಣಕ್ಕೆ. ತಂಗುದಾಣ ಕಟ್ಟಿಸುವಾಗ ಪಂಚಾಯಿತಿ ಅಧ್ಯಕ್ಷ ಕೆಂಪಪ್ಪನವರು, ಬಾಗಿಲು ಪೂರ್ವಕ್ಕೆ ಇಲ್ಲದ ಕಟ್ಟಡಕ್ಕೆ ತಾವು ಗುದ್ದಲಿ ಮುಟ್ಟಿಸುವುದಿಲ್ಲವೆಂದು ಹಟ ಹಿಡಿದರು. ವಾಸ್ತು ಗೆದ್ದಿತು. ತಂಗುದಾಣ ರಸ್ತೆಗೆ ಬೆನ್ನು ಹಾಕಿ ನಿಂತಿತು. ಅಲ್ಲಿ ಕೂತವರಿಗೆ ಎದುರಿಗೆ ಕಾಣುವುದು ಸಣ್ಣಬೀರಪ್ಪನ ಕುರಿಹಟ್ಟಿ. ಬಸ್ಸು ಹಿಂದಿನ ಗೋಡೆಯಾಚೆ ಬಂದು ಹಿಂದಿನ ಗೋಡೆಯಾಚೆಯೇ ಹೋಗುತ್ತಿತ್ತು. ವರ್ಷಗಟ್ಟಲೆ ಜನ ಕುರಿ ನೋಡುತ್ತ, ಸದ್ದು ಕೇಳಿದೊಡನೆ ಚೀಲ ಬಾಚಿಕೊಂಡು ಗೋಡೆ ಸುತ್ತಿ ಓಡಿ, ಬಸ್ಸಿನ ಹಿಂಭಾಗವನ್ನು ಕಂಡು ವಾಪಸು ಬರುತ್ತಿದ್ದರು. ಇದು ಆ ಊರಿನ ನಾಯಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದರಿಂದಲೇ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

"ನಾನ್ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ" ಎಂದು ಶುರು ಮಾಡಿದ ಹುಚ್ಚರಾಯಪ್ಪನವರು, "ಬಸ್ಸು ಪಡುವಣಕ್ಕೆ ಬರ್ತದೆ, ನಾವು ಮೂಡಣಕ್ಕೆ ಕೂತಿದೀವಿ. ಕುರಿ ನಮ್ಮನ್ನ ನೋಡ್ತವೆ, ನಾವು ಕುರಿ ನೋಡ್ತೀವಿ. ಯಾರು ಯಾರನ್ನ ಕಾಯ್ತಿದಾರೆ ಅಂತ ಕುರಿಗೇ ಅನುಮಾನ ಬಂದದೆ. ಹೌದೋ ಅಲ್ಲೋ?" ಎಂದು ಮುಗಿಸಿದರು.

ಇದನ್ನು ಯಾರೋ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಶಿಕಾರಿಪುರಕ್ಕೆ ಹಾರಿತು, ಸೊರಬಕ್ಕೆ ಜಿಗಿಯಿತು. ಯಾವನೋ ಪುಣ್ಯಾತ್ಮ ಅದಕ್ಕೆ ನಗಾರಿಯ ಸದ್ದು ಸೇರಿಸಿ, ಕೆಂಪಕ್ಷರದಲ್ಲಿ ಹೀಗೆ ಬರೆದ: 'ಪ್ರಾಣಭಯದಿಂದ ಮುಖ ಮರೆಮಾಡಿ ಸತ್ಯ ಬಿಚ್ಚಿಟ್ಟ ಅನಾಮಿಕ!'

ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಮುಖ ಮುಚ್ಚಿಕೊಂಡು ಹೇಳಿದರೆ ಅದು ಗುಟ್ಟಾಗುತ್ತದೆ ಎಂಬ ಲೋಕನಿಯಮ ಅಂದು ಆ ಊರಿಗೆ ತಿಳಿಯಿತು. ಬೆಳಗ್ಗೆ ತಂಗುದಾಣದಲ್ಲಿ ಕೂತಿದ್ದ ಜನ ಮೊಬೈಲು ನೋಡಿ, ತಲೆಯೆತ್ತಿ ಕುರಿ ನೋಡಿ, ತಿರುಗಿ ಗೋಡೆ ನೋಡಿ, "ಅಯ್ಯೋ, ಹೌದಲ್ಲ!" ಎಂದು ಎದ್ದು ನಿಂತರು.

"ನನ್ ಕುರಿ ಫೇಮಸ್ ಆದ್ವು" ಎಂದ ಸಣ್ಣಬೀರಪ್ಪ. "ಆದ್ರೆ ಯಾರೀ ಇವ್ನು? ಒಳಗಿನವ್ನೇ ಇರ್ಬೇಕು. ಇಲ್ದಿದ್ರೆ ಬಸ್ಸು ಆ ಕಡಿಂದ ಬರ್ತೈತಿ ಅಂತ ಅವ್ನಿಗೆ ಹೆಂಗೆ ಗೊತ್ತು?"

ಅಂದಿನಿಂದ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದರು.

ಅಧ್ಯಕ್ಷ ಕೆಂಪಪ್ಪನವರು ಗಿರಣಿಯ ಮುಂದೆಯೇ ನಿಂತು, "ಮುಖ ತೋರ್ಸೋಕೆ ಧೈರ್ಯ ಇಲ್ದೋನು! ಸಿಕ್ರೆ ಪಂಚಾಯ್ತಿಗೆ ಎಳಸ್ತೀನಿ" ಎಂದು ಗುಡುಗಿದರು. ಒಳಗೆ ಮೋಟಾರು ಓಡುತ್ತಿತ್ತು. ಹುಚ್ಚರಾಯಪ್ಪನವರು ಹೊರಗೆ ಬಂದು ಎದೆ ಮುಟ್ಟಿಕೊಂಡು, "ಅದು ನಾನೇ ಕಣ್ರೀ!" ಎಂದು ಕೂಗಿದರು. ಕೆಂಪಪ್ಪನವರು ಕಿವಿಗೆ ಕೈ ಆನಿಸಿ, "ಆಯ್ತು ಆಯ್ತು, ಸಂಜೆ ಕಳಿಸ್ತೀನಿ, ಗೋಧಿ" ಎಂದು ಹೊರಟುಹೋದರು.

ಚಾನೆಲ್ಲಿನ ಕೆಳಗೆ ಜನ ಬರೆದ ಮಾತುಗಳನ್ನು ಹುಚ್ಚರಾಯಪ್ಪನವರು ಮಂಗಳಾರತಿಯಂತೆ ಎರಡೂ ಹೊತ್ತು ಓದತೊಡಗಿದರು. 'ಅಣ್ಣಾ, ನಿಮ್ಮ ಧೈರ್ಯಕ್ಕೆ ಶರಣು.' 'ನಮ್ಮೂರಿಗೂ ಇಂಥವರೊಬ್ಬರು ಬೇಕು.' ಒಂದು ಮಾತು ಮಾತ್ರ ಅವರಿಗೆ ಹಿಡಿಸಲಿಲ್ಲ: 'ಅಣ್ಣಾ, ದಯವಿಟ್ಟು ಮುಖ ತೋರಿಸಬೇಡಿ.'

"ಯಾಕೆ, ನನ್ನ ಮುಖಕ್ಕೆ ಏನಾಗಿದೆ?" ಎಂದು ಹೆಂಡತಿಯನ್ನು ಕೇಳಿದರು.

ರಾಜೇಶ್ವರಮ್ಮ ಯೋಚಿಸಿ, "ದೃಷ್ಟಿಯಾಗ್ತದೆ ಅಂತ ಇರಬೇಕು ರೀ. ಅಷ್ಟು ಜನ ನೋಡೋವಾಗ ಆಗದೆ ಇರ್ತದಾ?" ಎಂದರು. ಅಂದಿನಿಂದ ಪ್ರತಿ ವಿಡಿಯೋಗೆ ಮುಂಚೆ ದೃಷ್ಟಿ ತೆಗೆದು, ಕಂಪ್ಯೂಟರಿನ ಹಣೆಗೆ ಹೊಸದಾಗಿ ವಿಭೂತಿ ಬಳಿಯುವ ವ್ರತ ಹಿಡಿದರು. ಹುಚ್ಚರಾಯಪ್ಪನವರ ಕೀರ್ತಿ ಬೆಳೆದಂತೆಲ್ಲ ಮುಖ ಇನ್ನಷ್ಟು ಮಸುಕಾಯಿತು. ಮುಖ ಮಸುಕಾದಂತೆಲ್ಲ ಕೀರ್ತಿ ಇನ್ನಷ್ಟು ಬೆಳೆಯಿತು. ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಬಣ್ಣ ಬಳಿದು ನಲ್ಲಿ ಹಾಕಿಸಲು ಮರೆತದ್ದನ್ನು ಹೇಳುವ ಹೊತ್ತಿಗೆ ಪರದೆಯ ಮೇಲೆ ಒಂದು ಬಿಳಿಯ ಮೋಡ ಮಾತಾಡುತ್ತಿತ್ತು.

ಆ ಮೋಡ ಯಾರೆಂದು ರಾಜೇಶ್ವರಮ್ಮನಿಗೆ ಗೊತ್ತಿತ್ತು. ಯಾರಿಗೂ ಗೊತ್ತಾಗದಿರಲೆಂದು ತೊಗರ್ಸಿಯ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತರು. ಹುಚ್ಚರಾಯಪ್ಪನವರ ಸಂಕಟವೇ ಬೇರೆ. ಕಡೆಗೂ ಲೋಕ ಅವರ ಮಾತು ಕೇಳುತ್ತಿತ್ತು. ಕೇಳಿ ಯಾರದೋ ಲೆಕ್ಕಕ್ಕೆ ಜಮಾ ಮಾಡುತ್ತಿತ್ತು.

ಆ ಯಾರೋ ಬೇರೆ ಯಾರೂ ಅಲ್ಲ, ರಾಜಕುಮಾರ್. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲಲು ಬಿಳಿ ಅಂಗಿಗಳನ್ನು ಹೊಲಿಸಿಟ್ಟುಕೊಂಡಿದ್ದ ಯುವಕ. ಹೋಟೆಲ್ಲಿನಲ್ಲಿ ಯಾರೋ, "ಏನಪ್ಪಾ ರಾಜಕುಮಾರ, ಆ ಮಸುಕು ಮುಖ ನೀನೇ ಅಲ್ವ?" ಎಂದದ್ದಕ್ಕೆ ಅವನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮೆಲ್ಲಗೆ ನಕ್ಕ. ರಾಜಕೀಯದಲ್ಲಿ ಅಷ್ಟು ಸಾಕು. ಸಂಜೆಯೊಳಗೆ ಅವನಿಗೆ ಹಾರ ಬಿತ್ತು.

ಇತ್ತ ಸೊರಬದಿಂದ ರಾಜೇಶ್ವರಮ್ಮನ ತಮ್ಮ ಈಶ್ವರ್ ಫೋನು ಮಾಡಿದ. ಸೊರಬದಲ್ಲಿ ಪೈಪು, ಮೊಳೆ ಮಾರುವ ಅಂಗಡಿ ಇಟ್ಟಿದ್ದ ಅವನಿಗೆ ಬಾವನನ್ನು ಕಂಡರೆ ಪ್ರೀತಿಯಿತ್ತು, ಗೌರವವಿರಲಿಲ್ಲ; ಬಾವನ ಮಾತನ್ನು ಅವನೂ ಕಿವಿಗೊಟ್ಟು ಕೇಳಿದವನಲ್ಲ.

"ಬಾವ, ನಿಮ್ಮೂರಲ್ಲಿ ಒಬ್ಬ ಗಂಡಸು ಇದಾನಂತಲ್ಲ ಮಾರಾಯ್ರೆ! ಎಂತಾ ಮಾತು! ಹೊಸಬಾಳೆಯಲ್ಲೂ ಅದೇ, ಚಂದ್ರಗುತ್ತಿಯಲ್ಲೂ ಅದೇ. ನೀವೂ ಇದೀರಿ, ಕಂಪ್ಯೂಟರ್ ಇಟ್ಕಂಡು ಎಂತ ಮಾಡ್ತೀರಿ?"

"ಈಶ್ವರಾ, ಅದು ನಾನೇ ಕಣೋ."

ಆ ಕಡೆಯಿಂದ ನಗು ಶುರುವಾಯಿತು. ಅದು ನಿಲ್ಲುವ ಲಕ್ಷಣ ಕಾಣದೆ ಹುಚ್ಚರಾಯಪ್ಪನವರು ಫೋನಿಟ್ಟರು. ಆದರೆ ಅವಮಾನವನ್ನು ನುಂಗಲಾರದೆ ಮರುದಿನ ಗಿರಣಿಗೆ ಬೀಗ ಹಾಕಿ, ತಂಗುದಾಣದಲ್ಲಿ ಕೂರದೆ ರಸ್ತೆಯಲ್ಲೇ ನಿಂತು ಬಸ್ಸು ಹಿಡಿದು ಸೊರಬಕ್ಕೇ ಹೋದರು.

ಅಂಗಡಿಯಲ್ಲಿ ಈಶ್ವರ್ ಗಿರಾಕಿಗಳ ಎದುರಿಗೇ ಮೊಬೈಲು ತೆರೆದು ಬಾವನ ಮುಖದ ಪಕ್ಕ ಹಿಡಿದ. "ನೀವೇ ನೋಡಿ ಹೇಳಿ ಮಾರಾಯ್ರೆ. ಈ ಮುಖ ಆ ಮುಖ ಒಂದಾ?"

ಗಿರಾಕಿಗಳು ಹತ್ತಿರ ಬಂದು ಒಮ್ಮೆ ಮೋಡವನ್ನು, ಒಮ್ಮೆ ಹುಚ್ಚರಾಯಪ್ಪನವರನ್ನು ನೋಡಿದರು. "ಇವ್ರಿಗೆ ಮೂಗು ಇದೆ" ಎಂದ ಒಬ್ಬ. ವಾದ ಅಲ್ಲಿಗೆ ಮುಗಿಯಿತು.

"ತೇಜಸ್ಸು ಬಂದಾಗ ಮೂಗು ಕಾಣಲ್ಲ ಕಣ್ರೋ" ಎಂದು ಹುಚ್ಚರಾಯಪ್ಪನವರು ವಿವರಿಸಿದರು. ಈಶ್ವರ್ ಅವರಿಗೆ ಎಳನೀರು ಕುಡಿಸಿ, ಬಿಸಿಲಿನಲ್ಲಿ ತಿರುಗಬೇಡಿರೆಂದು ಬುದ್ಧಿ ಹೇಳಿ, ಬಸ್ಸು ಹತ್ತಿಸಿದ.

ದೀಪಾವಳಿಗೆ ದೀಪಶ್ರೀ ಊರಿಗೆ ಬಂದಳು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ, ಕಂಪ್ಯೂಟರಿನ ಮುಂದೆ ಕೂತು, ಮೇಲಕ್ಕೆ ನೋಡಿದಳು. ಬೆರಳಿಂದ ಕ್ಯಾಮೆರಾ ಮುಟ್ಟಿದಳು. ಹಪ್ಪಳದಷ್ಟು ದಪ್ಪ ವಿಭೂತಿ ಚಕ್ಕೆಯಾಗಿ ಎದ್ದು ಬಂತು.

"ಅಪ್ಪಾ! ಇದು ಹಣೆ ಅಲ್ಲ, ಕಣ್ಣು!"

ನಗು ತಡೆಯಲಾರದೆ ಅವಳು ಕುರ್ಚಿಯಿಂದ ಜಾರಿದಳು. ಹುಚ್ಚರಾಯಪ್ಪನವರು ಆ ಚಕ್ಕೆಯನ್ನು ಕೈಗೆತ್ತಿಕೊಂಡು ನೋಡಿ, "ಕಣ್ಣಿಗೂ ಹಣೆಗೂ ಎಷ್ಟು ದೂರ? ಇರಲಿ, ಒರೆಸು. ಈಗ ನೋಡ್ತದೆ ಊರು" ಎಂದರು. ರಾಜೇಶ್ವರಮ್ಮ ಬೇಡಬೇಡವೆಂದು ಅಡ್ಡ ನಿಂತರು. ಗುಟ್ಟು ತನ್ನ ಪಾಡಿಗೆ ತಾನು ಮಸುಕಾಗಿ ಇದ್ದರೆ ಯಾರಿಗೇನು ನಷ್ಟ ಎಂಬುದು ಅವರ ವಾದ. ಕೇಳುವವರಿರಲಿಲ್ಲ.

ಹೊಸ ವಿಡಿಯೋ ಬಂತು. ಹುಬ್ಬಿನ ಮೇಲಿನ ಹಿಟ್ಟಿನ ಕಣವೂ ಎಣಿಸುವಷ್ಟು ಸ್ಪಷ್ಟ. "ನಾನ್ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ" ಎಂದು ಶುರು ಮಾಡಿ, ಹೆಸರು, ತಂದೆಯ ಹೆಸರು, ಗಿರಣಿ ಇರುವ ಬೀದಿ ಎಲ್ಲವನ್ನೂ ಹೇಳಿ, ತಂಗುದಾಣದ ಮಾತನ್ನು ಮತ್ತೊಮ್ಮೆ ಪೂರ್ತಿ ಆಡಿದರು.

ಜನ ಕ್ಷಣದಲ್ಲಿ ಉತ್ತರ ಕೊಟ್ಟರು. 'ಯಾರೀ ನಕಲಿ?' 'ನಿಜವಾದ ಅಣ್ಣನ ಚಾನೆಲ್ ಯಾರೋ ಕದ್ದಿದ್ದಾರೆ, ಎಚ್ಚರ.' 'ಅಜ್ಜಾ, ನೀವು ಸುಮ್ಮನೆ ಹಿಟ್ಟು ಬೀಸಿಕೊಂಡಿರಿ.' ಲೋಕಮ್ಮ ಗೋಡೆಯಾಚೆಯಿಂದಲೇ, "ರಾಜೇಶ್ವರೀ, ಅಣ್ಣಾರಿಗೆ ಈ ವಯಸ್ಸಲ್ಲಿ ಯಾಕವ್ವಾ ಇನ್ನೊಬ್ರ ಮಾತು ಕದಿಯೋ ಚಟ?" ಎಂದು ಮರುಗಿದಳು.

"ಕದಿಯೋದೇ! ನನ್ನ ಮಾತನ್ನ ನಾನೇ!" ಎಂದು ಹುಚ್ಚರಾಯಪ್ಪನವರು ಹಿತ್ತಿಲಿನಲ್ಲಿ ಮೂರು ಸುತ್ತು ಹಾಕಿದರು. ಗಂಡ ಆ ರಾತ್ರಿ ಊಟಕ್ಕೆ ಕೂತು ಸಾರಿನ ಬಗ್ಗೆಯೂ ಒಂದು ಅಭಿಪ್ರಾಯ ಹೇಳದೆ ಎದ್ದಾಗ ರಾಜೇಶ್ವರಮ್ಮನಿಗೆ ಕಾಗದಪತ್ರಕ್ಕಿಂತ ದೊಡ್ಡದೊಂದು ಹೆದರಿಕೆಯಾಯಿತು.

ಹಬ್ಬ ಮುಗಿದ ಮೇಲೆ ಪಂಚಾಯಿತಿಯಲ್ಲಿ ಕೆಂಪಪ್ಪನವರು ತಮ್ಮ ಹಟ ಸಾಧಿಸಿದರು. ಪಂಚಾಯಿತಿಯ ಮಾನ ಕಳೆದ ಅನಾಮಿಕನಿಗೆ ನೋಟೀಸು ಕೊಡುವುದೆಂದು ನಿರ್ಣಯವಾಯಿತು. ಅಭಿವೃದ್ಧಿ ಅಧಿಕಾರಿ ಚೈತ್ರಶ್ರೀ ಮೇಡಂ, ಹೊಸಬರು, ಶಿಸ್ತಿನವರು. ನೋಟೀಸನ್ನು ಟೈಪು ಮಾಡಿಸಿ, ಹೆಸರಿನ ಜಾಗ ಖಾಲಿ ಬಿಟ್ಟು, ಬಿಲ್ ಕಲೆಕ್ಟರ್ ತಿಪ್ಪೇಶನ ಕೈಗೆ ಕೊಟ್ಟರು.

ಊರಿಗೆಲ್ಲ ಗೊತ್ತಿದ್ದ ವಿಳಾಸ ಒಂದೇ. ತಿಪ್ಪೇಶ ನೆಟ್ಟಗೆ ರಾಜಕುಮಾರನ ಮನೆಗೆ ಹೋದ.

"ನನಗ್ಯಾಕೆ?" ರಾಜಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ.

"ಮಸುಕು ಮುಖ ನೀವೇ ಅಲ್ವ? ಹಾರ ಹಾಕ್ದಾಗ ನಾನೂ ಚಪ್ಪಾಳೆ ಹೊಡ್ದಿದ್ದೆ."

"ನಾನೆಲ್ಲಿ ಹೌದು ಅಂದಿದೀನಿ? ನಾನು ಬರೀ ನಕ್ಕಿದ್ದು. ನಗೋದಕ್ಕೂ ನೋಟೀಸ್ ಕೊಡ್ತೀರೇನ್ರೀ?"

ಒಂದೇ ಮಧ್ಯಾಹ್ನದಲ್ಲಿ ಆ ಊರಿನಲ್ಲಿ ಮಸುಕು ಮುಖದವನನ್ನು ಬಲ್ಲವರು ಒಬ್ಬರೂ ಇಲ್ಲದಂತಾಯಿತು. ತಿಪ್ಪೇಶ ವಾರಸುದಾರರಿಲ್ಲದ ಕಾಗದ ಹಿಡಿದು ಬೀದಿ ಬೀದಿ ಅಲೆದು, ಗಿರಣಿಯ ನೆರಳಿನಲ್ಲಿ ನೀರು ಕುಡಿಯಲು ಕೂತು ತನ್ನ ಪಾಡು ಹೇಳಿಕೊಂಡ. ಹುಚ್ಚರಾಯಪ್ಪನವರು ಮೋಟಾರು ನಿಲ್ಲಿಸಿದರು. ಹಗಲು ಹೊತ್ತಿನಲ್ಲಿ ಕರೆಂಟು ಇರುವಾಗಲೇ ಆ ಮೋಟಾರು ನಿಂತದ್ದು ಅದೇ ಮೊದಲು. ಅದು ತಮ್ಮದೆಂದು ನೋಟೀಸು ಕಸಿದುಕೊಳ್ಳಲು ಹೋದರೆ ತಿಪ್ಪೇಶ ಕೊಡಲಿಲ್ಲ. "ಹಂಗೆಲ್ಲ ಯಾರ್ಯಾರಿಗೋ ಕೊಡಾಕೆ ಬರಲ್ಲ. ಆಫೀಸಿಗೆ ಬಂದು ಕೇಳ್ರಿ."

ಮರುದಿನ ಪಂಚಾಯಿತಿ ಸಭೆ. ಹುಚ್ಚರಾಯಪ್ಪನವರು ಇಸ್ತ್ರಿ ಅಂಗಿ ತೊಟ್ಟು ಹೊರಟಾಗ ರಾಜೇಶ್ವರಮ್ಮನೂ ಹೊರಟರು. ಅವರು ಹೊರಟದ್ದು ಗಂಡನನ್ನು ತಡೆಯಲು. ದಾರಿಯುದ್ದಕ್ಕೂ, "ಬ್ಯಾಡ್ರೀ, ಕಾಗದಕ್ಕೆ ಒಂದ್ಸಲ ಹೆಸರು ಬಿದ್ರೆ ಬಿಡಿಸ್ಕಳಾಕೆ ಆಗಲ್ಲ. ನನ್ನಾಣೆ" ಎನ್ನುತ್ತಲೇ ಬಂದರು.

ಸಭೆಯಲ್ಲಿ ಕೆಂಪಪ್ಪ, ಸದಸ್ಯರು, ಚೈತ್ರಶ್ರೀ ಮೇಡಂ, ತಾನಲ್ಲವೆಂದು ಬರೆದುಕೊಡಲು ಬಂದಿದ್ದ ರಾಜಕುಮಾರ್, ಎಲ್ಲರೂ ಇದ್ದರು. ಹುಚ್ಚರಾಯಪ್ಪನವರು ಮೇಜಿನ ಮುಂದೆ ನೆಟ್ಟಗೆ ನಿಂತು ಕೈ ಚಾಚಿದರು. "ಮೇಡಂ, ಆ ನೋಟೀಸು ನಂದು. ಕೊಡಿ."

ಸಭೆ ಗೊಳ್ಳೆಂದಿತು.

"ಯಜಮಾನ್ರೇ, ಇದು ಬಹುಮಾನ ಅಲ್ಲ, ನೋಟೀಸು" ಎಂದರು ಚೈತ್ರಶ್ರೀ ಮೇಡಂ ಮೃದುವಾಗಿ. "ಯಾರದೋ ತಪ್ಪನ್ನ ಸುಮ್ನೆ ಮೈಮೇಲೆ ಎಳ್ಕೋಬೇಡಿ."

"ತಪ್ಪು ಯಾರದೋ ಅಲ್ಲ, ನಂದೇ! ಸ್ವಂತದ್ದು!"

"ಏ ಹುಚ್ಚರಾಯಪ್ಪ" ಎಂದರು ಕೆಂಪಪ್ಪ, ಕಣ್ಣೊರೆಸಿಕೊಳ್ಳುತ್ತ. "ಹೋಗು ಮಾರಾಯ, ನನ್ನ ಗೋಧಿ ಬೀಸಿಡು. ಅಂಥ ಮಾತು ಆಡೋರೇ ಬೇರೆ, ಹಿಟ್ಟು ಬೀಸೋರೇ ಬೇರೆ. ನಿನ್ನ ಬಾಯಿಂದ ಎರಡು ಮಾತು ನೆಟ್ಟಗೆ ಬಂದಿದ್ದು ಯಾರಾದ್ರೂ ಕೇಳಿದಾರೇನಪ್ಪಾ?"

ಯಾರೂ ಕೇಳಿರಲಿಲ್ಲ. ಹುಚ್ಚರಾಯಪ್ಪನವರ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಅದನ್ನು ರಾಜೇಶ್ವರಮ್ಮ ನೋಡಿದರು. ತಡೆಯಲು ಬಂದವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನವರೆಗೂ ಬಂದರು. ಪಂಚಾಯಿತಿ ಕಟ್ಟಡದ ಹೊಸ್ತಿಲನ್ನು ದಾಟುವುದಕ್ಕೂ ಬಲಗಾಲೋ ಎಡಗಾಲೋ ಎಂದು ಯೋಚಿಸಿದ ಹೆಂಗಸು ಅದೇ ಎಂದು ಯಾರೂ ನಂಬುವಂತಿರಲಿಲ್ಲ.

"ಅಧ್ಯಕ್ಷರೇ, ಯಾರೂ ಕೇಳಿಲ್ಲ, ಸರಿ. ನೀವು ಇವರ ಮುಖ ನೋಡಿದ ಕೂಡ್ಲೇ ನಿಮ್ಮ ಕಿವಿಗೆ ಗಿರಣಿ ಸದ್ದೇ ಬರ್ತದೆ. ಕಣ್ಣು ಮುಚ್ಕಳಿ."

"ಏನಮ್ಮಾ?"

"ಎಲ್ಲರೂ ಕಣ್ಣು ಮುಚ್ಕಳಿ ಅಂದೆ. ಮೇಡಂ, ನೀವೂ." ಆ ದನಿಗೆ ಇಡೀ ಗ್ರಾಮ ಪಂಚಾಯಿತಿ ಕಣ್ಣು ಮುಚ್ಚಿತು. "ಈಗ ಮಾತಾಡ್ರೀ."

ಹುಚ್ಚರಾಯಪ್ಪನವರು ಗಂಟಲು ಸರಿಮಾಡಿಕೊಂಡರು. ಗಿರಣಿಯಿಲ್ಲ, ಕಂಪ್ಯೂಟರಿಲ್ಲ, ಎದುರಿಗೆ ಕೇಳುವ ಕಿವಿಗಳು, ಸಾಲಾಗಿ.

"ನಮಸ್ಕಾರ. ನಾನ್ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ."

ತಿಪ್ಪೇಶ ಕಣ್ಣು ಮುಚ್ಚಿಕೊಂಡೇ ಕತ್ತೆತ್ತಿದ.

"ಪಂಚಾಯ್ತಿ ಮಾನ ನಾನು ಕಳೆದೆ ಅಂತ ನೋಟೀಸು ಬರೆದಿದೀರಿ. ಮಾನ ಇರೋದು ಗೋಡೆ ಯಾವ ಕಡೆ ಇದೆ ಅನ್ನೋದ್ರಲ್ಲಿ. ಹೊರೆ ಹೊತ್ತ ಹೆಣ್ಣುಮಗಳು ಗೋಡೆ ಸುತ್ತಿ ಓಡ್ತಾಳೆ, ಬಸ್ಸು ಹೋಗ್ತದೆ. ಆಸ್ಪತ್ರೆಗೆ ಹೋಗೋ ಮುದುಕ ಗೋಡೆ ಸುತ್ತಿ ಓಡ್ತಾನೆ, ಬಸ್ಸು ಹೋಗ್ತದೆ. ವಾಸ್ತು ಪ್ರಕಾರ ಕಟ್ಟಡಕ್ಕೆ ಒಳ್ಳೇದಾಗಿದೆ, ಒಪ್ಪಿದೆ. ಕಟ್ಟಡ ಎಲ್ಲಿಗೂ ಹೋಗಬೇಕಾಗಿಲ್ಲ. ಹೋಗಬೇಕಾಗಿರೋದು ನಾವು. ಹೌದೋ ಅಲ್ಲೋ?"

ಅದೇ ದನಿ. ಅದೇ ಎಳೆತ. ಕೆಂಪಪ್ಪನವರ ಮುಚ್ಚಿದ ರೆಪ್ಪೆಗಳು ಅದುರಿದವು. ಒಬ್ಬ ಸದಸ್ಯರು ತಮಗರಿವಿಲ್ಲದೆ, "ಹೌದು" ಎಂದುಬಿಟ್ಟರು.

ಇದೇ ಹೊತ್ತಿಗೆ ಕುರಿಹಟ್ಟಿಯ ಕಂದಾಯದ ವಿಷಯಕ್ಕೆ ಸಣ್ಣಬೀರಪ್ಪ ಒಳಗೆ ಕಾಲಿಟ್ಟ. ಅಧ್ಯಕ್ಷರಿಂದ ಹಿಡಿದು ತಿಪ್ಪೇಶನವರೆಗೆ ಎಲ್ಲರೂ ಕಣ್ಣು ಮುಚ್ಚಿ ಗಂಭೀರವಾಗಿ ಕೂತಿದ್ದರು. ಅವನು ಗಕ್ಕನೆ ನಿಂತು, ತಲೆಯ ರುಮಾಲು ತೆಗೆದು, ಕೈಕಟ್ಟಿ ತಲೆ ಬಾಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಪಕ್ಕದವರ ಕಿವಿಯಲ್ಲಿ, "ಯಾರ್ರೀ ಹೋದ್ರು?" ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಕೆಂಪಪ್ಪನವರು ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿ ಹುಚ್ಚರಾಯಪ್ಪನವರ ಕಡೆ ತೋರಿಸಿ ಕೂಗಿದರು. "ಇವನೇ! ಇವನೇ ಕಣ್ರೀ!"

"ಅಯ್ಯೋ ಶಿವನೇ" ಎಂದ ಸಣ್ಣಬೀರಪ್ಪ, "ಇಲ್ಲೇ ನಿಂತಾರಲ್ರೀ!"

ಆಮೇಲೆ ನಡೆದದ್ದು ಕಾನೂನಿನ ಕೆಲಸ. ಚೈತ್ರಶ್ರೀ ಮೇಡಂ ಕಣ್ಣು ಬಿಟ್ಟು, ಹುಚ್ಚರಾಯಪ್ಪನವರನ್ನು ಮೊದಲ ಸಲ ಕಂಡಂತೆ ನೋಡಿ, ಪೆನ್ನು ಕೈಗೆತ್ತಿಕೊಂಡರು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ಬರೆದರು.

"ತಂದೆ ಹೆಸರು ಬಿಟ್ಟಿದೀರಿ" ಎಂದರು ಹುಚ್ಚರಾಯಪ್ಪ, ಮೇಜಿನ ಮೇಲೆ ಬಾಗಿ. ಅದನ್ನೂ ಬರೆದರು. "ಪಹಣಿಯಲ್ಲಿ ಬರೀತಾರಲ್ಲ, ಯಾನೆ ಅಂತ. ಹಂಗೆ ಯಾನೆ ಮಸುಕು ಮುಖ ಅಂತಲೂ ಹಾಕಿಬಿಡಿ ಮೇಡಂ. ಮುಂದೆ ಯಾರೂ ತಕರಾರು ತೆಗೀಬಾರದು." ಹೇಳುವಾಗ ಅವರು ರಾಜಕುಮಾರನ ಕಡೆ ನೋಡಿದರು. ರಾಜಕುಮಾರ್ ಈ ಸಲ ನಗಲಿಲ್ಲ.

ಮೇಡಂ ಬರೆದು, ಸಹಿ ಮಾಡಿ, ಮೊಹರು ಒತ್ತಿದರು. "ಲಿಖಿತ ವಿವರಣೆ ಕೊಡಬೇಕಾಗ್ತದೆ. ಏನು ಕೊಡ್ತೀರಿ?"

"ಈಗಲೇ ಕೊಡ್ತೀನಿ. ಅಧ್ಯಕ್ಷರು ನಾಳೆ ಬಸ್ ಶೆಲ್ಟರಿನ ಒಳಗೆ ಕೂತು, ಶಿಕಾರಿಪುರದ ಬಸ್ಸು ಹಿಡೀಲಿ. ಹಿಡಿದರೆ ನಾನು ತಪ್ಪೊಪ್ಪಿಗೆ ಬರೀತೀನಿ. ಹಿಡೀದಿದ್ರೆ ಆ ಗೋಡೆಗೆ ಒಂದು ಬಾಗಿಲು ಬಿಡಿಸ್ಲಿ."

ಸಭೆಯ ಕಣ್ಣುಗಳೆಲ್ಲ ಕೆಂಪಪ್ಪನವರ ಕಡೆ ತಿರುಗಿದವು. ಅವರಿಗೆ ಮಂಡಿನೋವು ಇರುವುದೂ ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಅವರು ಮೇಜಿನ ಕೆಳಗೆ ಮಂಡಿ ನೀವಿಕೊಂಡು, "ಬಾಗಿಲು ಒಂದು ಬಿಡಿಸೋದೇ ಸುಲಭ" ಎಂದು ಗೊಣಗಿದರು. ಮೇಡಂ ಅದನ್ನು ಆಗಲೇ ನಡಾವಳಿಗೆ ಸೇರಿಸಿದರು. ನೋಟೀಸು ಮಾತ್ರ ವಾಪಸಾಗಲಿಲ್ಲ. ಮೇಡಂ ಹಿಂತೆಗೆದುಕೊಳ್ಳಲು ಕೈ ಚಾಚಿದ್ದುಂಟು. ಅಷ್ಟರಲ್ಲಿ ರಾಜೇಶ್ವರಮ್ಮ ಅದನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಹೊರಟಾಗಿತ್ತು.

ಅವರು ಮನೆ ಮುಟ್ಟುವ ಮೊದಲೇ ಸೊರಬಕ್ಕೆ ಸುದ್ದಿ ಮುಟ್ಟಿತ್ತು. ಈಶ್ವರ್ ಫೋನಿನಲ್ಲಿ ತಡವರಿಸಿದ. "ಬಾವ... ಸರ್ಕಾರಿ ಮೊಹರು ಹಾಕಿದ್ದೇನಾ? ನಿಮ್ಮ ಹೆಸರಿಗೇ? ನಾಳೆ ಬರ್ತೀನಿ ಮಾರಾಯ್ರೆ, ಅಂಗಡಿಯವ್ರಿಗೆಲ್ಲ ತೋರಿಸ್ಬೇಕು, ಒಂದು ಜೆರಾಕ್ಸ್ ಕೊಡಿ." ಹುಚ್ಚರಾಯಪ್ಪನವರು ಯೋಚಿಸಿ ನೋಡುವುದಾಗಿ ಹೇಳಿದರು.

ರಾಜೇಶ್ವರಮ್ಮ ಮನೆಯೊಳಗೆ ಹೋಗಲಿಲ್ಲ. ನೆಟ್ಟಗೆ ಲೋಕಮ್ಮನ ಬಾಗಿಲಿಗೆ ಹೋಗಿ ನಿಂತರು. ಮಗಳು ಪರೀಕ್ಷೆಯಲ್ಲಿ ಪಾಸಾದಾಗಲೂ ಅಷ್ಟು ಗಟ್ಟಿಯಾಗಿ ಮಾತಾಡಿದವರಲ್ಲ.

"ಲೋಕಮ್ಮಾ, ನಮ್ಮನೆಯವ್ರಿಗೆ ನೋಟೀಸ್ ಬಂತು ಕಣೇ!"

ಲೋಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಕಾಗದವನ್ನು ಮುಟ್ಟದೆ, ಬಾಗಿ, ಮೊಹರಿನಿಂದ ಸಹಿಯವರೆಗೂ ನೋಡಿದಳು. ಆಮೇಲೆ ಒಳಗೆ ಟೀವಿ ನೋಡುತ್ತ ಕೂತಿದ್ದ ಗಂಡನ ಕಡೆ ತಿರುಗಿ ಸೊಂಟಕ್ಕೆ ಕೈಯಿಟ್ಟಳು.

"ಕೇಳಿಸ್ತೇನ್ರೀ? ಪಕ್ಕದ ಮನೆ ಅಣ್ಣಾರಿಗೆ ನೋಟೀಸ್ ಬಂದೈತಿ. ನೀವೂ ಇದೀರಿ! ಹುಟ್ಟಿದಾಗಿಂದ ಒಂದು ನೋಟೀಸಾದ್ರೂ ತಂದಿದೀರಾ ಈ ಮನಿಗೆ?"